ಎಲ್ಕ್ ಬೇಟೆಗೆ ಆರ್‌ವಿ: ರಾತ್ರಿಯ ಯೋಚನೆ ಮೊದಲು

ಪ್ರಶ್ನೆ: ಅಕ್ಟೋಬರ್ ಕೊನೆಗೆ ಆಫೀಸಿನ ಗೆಳೆಯರ ಜೊತೆ ಕೊಲರಾಡೋದ ನ್ಯಾಷನಲ್ ಫಾರೆಸ್ಟಿಗೆ ಎಲ್ಕ್ ಬೇಟೆಗೆ ಹೊರಟಿದ್ದೇವೆ. ಟೆಂಟ್ ಬೇಡವೆಂದು ಟ್ರೇಲರ್ ಬಾಡಿಗೆಗೆ ಹಿಡಿದಿದ್ದೇವೆ. ಹೀಟರ್ ಇದೆ, 20 ಪೌಂಡಿನ ಎರಡು ಸಿಲಿಂಡರ್ ಇವೆ. ಐದು ರಾತ್ರಿಗೆ ಸಾಕಲ್ಲವೇ?
– ಓದುಗರು, ಡೆನ್ವರ್

ಉತ್ತರ: ಮೊದಲು ಕೈಕೊಡುವುದು ಗ್ಯಾಸ್ ಅಲ್ಲ, ಬ್ಯಾಟರಿ. ಹೀಟರ್ ಉರಿಯುವುದು ಪ್ರೊಪೇನಿನಿಂದಲೇ ಆದರೂ ಬಿಸಿಗಾಳಿಯನ್ನು ಒಳಗೆ ನೂಕುವ ಫ್ಯಾನ್ ಓಡುವುದು ಬ್ಯಾಟರಿಯಿಂದ. ಒಂಬತ್ತು ಸಾವಿರ ಅಡಿ ಎತ್ತರದಲ್ಲಿ ಆ ಹೊತ್ತಿಗೆ ರಾತ್ರಿ ಸೊನ್ನೆಗಿಂತ ಹತ್ತು ಡಿಗ್ರಿ ಸೆಲ್ಸಿಯಸ್ ಕೆಳಗಿಳಿದರೂ ಆಶ್ಚರ್ಯವಿಲ್ಲ. ಅಂಥ ಚಳಿಯಲ್ಲಿ ಬ್ಯಾಟರಿಯ ಕಸುವೂ ಕುಗ್ಗುತ್ತದೆ. 100 ಆಂಪ್-ಅವರ್‌ನ ಮಾಮೂಲಿ ಲೆಡ್ ಬ್ಯಾಟರಿಯಲ್ಲಿ ಅರ್ಧದಷ್ಟನ್ನೇ ಬಳಸಬೇಕು. ಆರು ಆಂಪ್ ಎಳೆಯುವ ಫ್ಯಾನಿಗೆ ಅದು ಎಂಟು ಗಂಟೆಯ ಮೇವು. ಬೆಳಗಿನ ಜಾವ ಮೂರಕ್ಕೆ ಫ್ಯಾನ್ ನಿಂತರೆ, ಸಿಲಿಂಡರ್ ತುಂಬಿದ್ದರೂ ಹೀಟರ್ ಆರುತ್ತದೆ. ಆದ್ದರಿಂದ ಎರಡನೇ ಬ್ಯಾಟರಿ, ಇಲ್ಲವೇ ಹಗಲಲ್ಲಿ ಚಾರ್ಜ್ ಮಾಡಲು ಜನರೇಟರ್ ಬೇಕೇ ಬೇಕು. ಬ್ಯಾಟರಿ ಲಿಥಿಯಂ ಆಗಿದ್ದರೆ, ಅದು ಸೊನ್ನೆಗಿಂತ ತಣ್ಣಗಿರುವಾಗ ಚಾರ್ಜಿಗೆ ಹಾಕಬೇಡಿ, ಹಾಳಾಗುತ್ತದೆ.

ಗ್ಯಾಸಿನ ಲೆಕ್ಕವೂ ಬಿಗಿಯೇ. 30,000 ಬಿಟಿಯು ಹೀಟರ್ ಬಿಡದೆ ಉರಿದರೆ ಒಂದು ಸಿಲಿಂಡರ್ ಸುಮಾರು ಹದಿನಾಲ್ಕು ಗಂಟೆ ಬರುತ್ತದೆ. ರಾತ್ರಿ ಹತ್ತು ಗಂಟೆಯಲ್ಲಿ ಅರ್ಧ ಹೊತ್ತು ಉರಿಯಿತು ಅಂದುಕೊಂಡರೂ ಎರಡು ಸಿಲಿಂಡರಿನಲ್ಲಿ ಐದು ರಾತ್ರಿ ಕಷ್ಟಪಟ್ಟು ದಾಟುತ್ತದೆ. ಅಡುಗೆ, ಫ್ರಿಜ್ ಬೇರೆ. ಮೂರನೆಯದನ್ನು ಒಯ್ಯಿರಿ. ಟ್ರೇಲರಿನ ನೀರಿನ ಟ್ಯಾಂಕ್ ತುಂಬಿಸಲೇಬೇಡಿ, ಪೈಪು ಹೆಪ್ಪುಗಟ್ಟಿ ಒಡೆದರೆ ಬಾಡಿಗೆಯವರಿಗೆ ದಂಡ ತೆರಬೇಕಾದೀತು. ಕುಡಿಯಲು, ತೊಳೆಯಲು ಕ್ಯಾನಿನಲ್ಲಿ ನೀರು ಒಯ್ದು ಒಳಗೇ ಬೆಚ್ಚಗಿಡಿ.

ಇನ್ನು, ಎಲ್ಕ್ ಇರುವ ಕಡೆಗೇ ಟ್ರೇಲರ್ ಎಳೆದೊಯ್ಯುವ ಆಸೆ ಬಿಡಿ. ಕೆಳಗೆ, ಒಳ್ಳೆಯ ಜಲ್ಲಿ ರಸ್ತೆಯ ಪಕ್ಕ ನಿಲ್ಲಿಸಿ ನಸುಕಿನಲ್ಲಿ ಪಿಕಪ್‌ನಲ್ಲಿ ಮೇಲೆ ಹೋಗಿ. ರಾತ್ರೋರಾತ್ರಿ ಒಂದಡಿ ಹಿಮ ಬಿದ್ದರೆ ಪಿಕಪ್ ಹೇಗೋ ಇಳಿದೀತು, ಟ್ರೇಲರ್ ಇಳಿಯದು. ಯಾವ ರಸ್ತೆಗೆ ಗಾಡಿ ಬಿಡುತ್ತಾರೆ ಎಂಬ ನಕ್ಷೆಯನ್ನು ಫಾರೆಸ್ಟ್ ಸರ್ವಿಸ್ ಬಿಟ್ಟಿಯಾಗಿ ಕೊಡುತ್ತದೆ. ಒಂದೇ ಜಾಗದಲ್ಲಿ ಎಷ್ಟು ದಿನ ಇರಬಹುದೆಂಬ ಮಿತಿಯನ್ನು ಅಲ್ಲಿಯೇ ಕೇಳಿಕೊಳ್ಳಿ, ಹಲವು ಕಾಡುಗಳಲ್ಲಿ ಅದು 14 ದಿನ.

ಪ್ರಶ್ನೆ: ‘ಹೀಟರ್ ಕೆಟ್ಟರೆ ಗ್ಯಾಸ್ ಒಲೆ ಹಚ್ಚಿಟ್ಟು ಮಲಗುತ್ತೇವೆ, ಕಿಟಕಿ ಸ್ವಲ್ಪ ತೆಗೆದಿದ್ದರೆ ಆಯ್ತು’ ಅನ್ನುತ್ತಾರೆ ನಮ್ಮ ಯಜಮಾನರು. ನನಗೆ ಭಯ.
– ಓದುಗರು, ಫೋರ್ಟ್ ಕಾಲಿನ್ಸ್

ಉತ್ತರ: ನಿಮ್ಮ ಭಯವೇ ಸರಿ ತಾಯಿ. ಯಜಮಾನರಿಗೆ ಇದನ್ನು ಓದಿ ಹೇಳಿ. ಒಲೆಯಿಂದ ಕಾರ್ಬನ್ ಮೊನಾಕ್ಸೈಡ್ ಹೊರಬೀಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರನ್ನು ಎಬ್ಬಿಸದೆಯೇ ಕೊಲ್ಲುತ್ತದೆ. ಹೀಟರ್ ಕೆಟ್ಟರೆ ಸ್ಲೀಪಿಂಗ್ ಬ್ಯಾಗೇ ಗತಿ. ಸೊನ್ನೆಗಿಂತ ಹದಿನೈದು ಡಿಗ್ರಿ ಕೆಳಗಿನ ಚಳಿ ತಡೆಯುವಂಥದ್ದನ್ನು ಒಬ್ಬೊಬ್ಬರಿಗೂ ಕಟ್ಟಿ ಕಳಿಸಿ. ಹೊರಗಿಡುವ ಜನರೇಟರ್ ಗಾಡಿಯಿಂದ ಇಪ್ಪತ್ತು ಅಡಿಯಾದರೂ ದೂರವಿರಲಿ, ಮಲಗುವ ಮುನ್ನ ಆರಿಸಲಿ. ಹೊರಡುವ ಮೊದಲೇ ಗಾಡಿಯ ಕಾರ್ಬನ್ ಮೊನಾಕ್ಸೈಡ್ ಅಲಾರಂನ ಗುಂಡಿ ಒತ್ತಿ ನೋಡಿ, ಅದರ ಹಿಂಬದಿಯಲ್ಲಿ ಅಚ್ಚಾದ ದಿನಾಂಕವನ್ನೂ ಓದಿ. ಕೂಗಿದರೂ ಅವಧಿ ಮುಗಿದ ಅಲಾರಂ ನಂಬಿಕೆಗೆ ಯೋಗ್ಯವಲ್ಲ.

ಪ್ರಶ್ನೆ: ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಬೇಟೆಯಾಡುವುದಿಲ್ಲ, ಅಡುಗೆಯವನಾಗಿ ಜೊತೆಗೆ ಹೋಗುತ್ತೇನೆ. ಆರ್‌ವಿಯಲ್ಲಿ ಬಂದೂಕು ಇದ್ದರೆ ತೊಂದರೆಯೇ? ಮಾಂಸವನ್ನು ಅದರ ಫ್ರಿಜ್ಜಿನಲ್ಲೇ ಇಡಬಹುದೇ?
– ಓದುಗರು, ಆಸ್ಟಿನ್

ಉತ್ತರ: ಮೊದಲನೆಯದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಿಮ್ಮಂಥ ವೀಸಾದವರು ಬಂದೂಕು ಹೊಂದಿರುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸಿದೆ. ಅಲ್ಲಿಯ ಬೇಟೆ ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಇದೆ. ಲೈಸೆನ್ಸ್ ಇಲ್ಲದ ನೀವು, ಯಾರಾದರೂ ‘ಸ್ವಲ್ಪ ಹಿಡ್ಕೊಳ್ಳಿ’ ಎಂದರೂ ಮುಟ್ಟಬೇಡಿ. ಬಂದೂಕು ಪೆಟ್ಟಿಗೆಯಲ್ಲಿ ಬೀಗದೊಳಗಿರಲಿ, ಬೀಗದಕೈ ಬಂದೂಕಿನ ಒಡೆಯರ ಬಳಿಯೇ ಇರಲಿ. ವೀಸಾದ ವಕೀಲರನ್ನೂ ಒಮ್ಮೆ ಕೇಳಿಬಿಡಿ.

ಫ್ರಿಜ್ಜಿನ ಆಸೆ ನಡೆಯದು. ಒಂದು ಗಂಡು ಎಲ್ಕ್ ಮುನ್ನೂರು ಕಿಲೋ ತೂಗುತ್ತದೆ. ಬಿಸಿ ಮಾಂಸ ತುರುಕಿದರೆ ಆ ಪುಟ್ಟ ಫ್ರಿಜ್ ತಣ್ಣಗಾಗುವುದೇ ಇಲ್ಲ, ಒಳಗಿದ್ದ ಹಾಲು ಮೊಸರೂ ಕೆಡುತ್ತದೆ. ಚರ್ಮ ಬೇಗ ಸುಲಿದು, ತುಂಡುಗಳನ್ನು ಬಟ್ಟೆಯ ಚೀಲಕ್ಕೆ ಹಾಕಿ ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಬೇಕು. ಕರಡಿಗೆ ಎಟುಕದಷ್ಟು ಎತ್ತರದಲ್ಲಿ, ಮಲಗುವ ಗಾಡಿಯಿಂದ ನೂರು ಗಜ ಆಚೆ. ಹಗಲು ಬಿಸಿಲೇರಿದರೆ ಕಾಯುತ್ತ ಕೂರದೆ ಅಂದೇ ಹತ್ತಿರದ ಊರಿನ ಮಾಂಸ ಕತ್ತರಿಸಿಕೊಡುವ ಅಂಗಡಿಗೆ ಒಯ್ಯಿರಿ.