‘ಲೈನ್’ ಎಂಬ ಶಬ್ದದ ವಿಚಾರ

ಸಂಸೆ, ಕಳಸ, ಮೂಡಿಗೆರೆಗಳ ಕಡೆಯಲ್ಲಿ ಇಂಗ್ಲೀಷ್ ಅಕ್ಷರವನ್ನೇ ಅರಿಯದವರೂ ದಿನಕ್ಕೆ ಹತ್ತು ಬಾರಿ ಆಡುವ ಇಂಗ್ಲೀಷ್ ಶಬ್ದವೊಂದುಂಟು. ಮಳೆಗಾಲದಲ್ಲಿ ಮರ ಬಿದ್ದು ದೀಪವಾರಿದರೆ ‘ಲೈನ್ ಹೋಯಿತು’ ಎನ್ನುತ್ತೇವೆ. ಅದನ್ನು ಸರಿಪಡಿಸಲು ಬರುವವನು ಲೈನ್‌ಮನ್. ಕುದುರೆಮುಖದ ಅದಿರನ್ನು ನೀರಿನೊಡನೆ ಬೆರೆಸಿ ಮಂಗಳೂರಿನ ಕಡಲ ತೀರಕ್ಕೆ ಹರಿಸಿದುದು ಪೈಪ್‌ಲೈನ್. 2005ರ ಕೊನೆಗೆ ಗಣಿ ನಿಂತಿತು, ಶಬ್ದ ನಿಲ್ಲಲಿಲ್ಲ. ತೋಟದ ಕೆಲಸಗಾರರ ಮನೆಗಳಿಗೂ ಲೈನ್ ಎಂದೇ ಹೆಸರು. ತರುಣರು ಬೀದಿಯಲ್ಲಿ ಈ ಶಬ್ದಕ್ಕೆ ಕೊಟ್ಟಿರುವ ಮತ್ತೊಂದು ಅರ್ಥವನ್ನು ಇಲ್ಲಿ ವಿವರಿಸತಕ್ಕದ್ದಲ್ಲ. ತಾಯಂದಿರು ಅದನ್ನು ಬಲ್ಲರು.

ಇಷ್ಟು ಅರ್ಥಗಳಿಗೆ ಮೂಲ ಯಾವುದೆಂದು ವಿಚಾರಿಸಿದರೆ ನಾವು ಒಂದು ಗಿಡದ ಬಳಿಗೆ ಬಂದು ನಿಲ್ಲುತ್ತೇವೆ. ಅದು ನಮ್ಮ ಬಯಲುಸೀಮೆಯಲ್ಲಿಯೂ ಬೆಳೆಯುವ ಅಗಸೆ. ಲ್ಯಾಟಿನ್ ಭಾಷೆಯಲ್ಲಿ ಅಗಸೆಗೆ ಲೀನುಂ ಎಂದೂ, ಅದರ ನಾರಿನಿಂದ ಹೊಸೆದ ನೂಲಿಗೆ ಲೀನೆಯ ಎಂದೂ ಹೆಸರು. ಈ ಲೀನೆಯ ಫ್ರೆಂಚರ ಬಾಯಲ್ಲಿ ಸವೆದು ಇಂಗ್ಲೆಂಡಿಗೆ ಬಂದು, ಅಲ್ಲಿ ಹಗ್ಗವೆಂಬ ಅರ್ಥದಲ್ಲಿ ಮೊದಲೇ ಇದ್ದ ಇನ್ನೊಂದು ಶಬ್ದದೊಡನೆ ಬೆರೆತು ‘ಲೈನ್’ ಆಯಿತು. ಲಿನನ್ ಬಟ್ಟೆಯೂ ಅಗಸೆಯದೇ. ನಮ್ಮ ಹೊಲಿಗೆಯ ತರಗತಿಯಲ್ಲಿ ಕುಪ್ಪಸಕ್ಕೆ ಲೈನಿಂಗ್ ಕೊಡಲು ಕಲಿತವರು ನೆನೆಯಬಹುದು: ಹಿಂದೆ ಉಡುಪಿನ ಒಳಗೆ ಲಿನನ್ ಹಚ್ಚುತ್ತಿದ್ದುದರಿಂದ ಆ ಹೆಸರು. ಅಗಸೆಯ ಬೀಜವನ್ನು ತಿನ್ನುವ ಒಂದು ಚಿಕ್ಕ ಹಕ್ಕಿಗೂ ಇಂಗ್ಲೀಷರು ಲಿನೆಟ್ ಎಂದು ಹೆಸರಿಟ್ಟರು.

ನೂಲನ್ನು ಬಿಗಿದು ಎಳೆದರೆ ನೆಟ್ಟಗಿರುವುದಷ್ಟೆ. ಅದರಿಂದ ಗೆರೆ, ಗೆರೆಯಿಂದ ಸಾಲು, ಪದ್ಯದ ಪಂಕ್ತಿ, ವಂಶದ ಪರಂಪರೆ, ಹಡಗುಗಳು ಹೋಗಿಬರುವ ಮಾರ್ಗ ಎಂಬ ಅರ್ಥಗಳು ಒಂದರ ಹಿಂದೊಂದು ಹುಟ್ಟಿದವು. 1912ರಲ್ಲಿ ಮುಳುಗಿದ ಟೈಟಾನಿಕ್ ಹಡಗು ವೈಟ್ ಸ್ಟಾರ್ ಲೈನಿನದು. 1611ರ ಇಂಗ್ಲೀಷ್ ಬೈಬಲಿನ ಹದಿನಾರನೆಯ ಕೀರ್ತನೆಯಲ್ಲಿ ಲೈನ್ ಎಂದರೆ ಭೂಮಿಯನ್ನು ಅಳೆದು ಹಂಚುವ ಹಗ್ಗ. ಆದುದರಿಂದ ಪಾಲಿಗೆ ಬಂದ ನೆಲವೆಂದೂ ಅರ್ಥವಾಗುತ್ತದೆ.

ಈ ಹಗ್ಗವನ್ನು ನೋಡಲು ದೂರ ಹೋಗಬೇಕಾಗಿಲ್ಲ. ಹೊಸದಾಗಿ ಕಾಫಿ ನೆಡುವಾಗ ಅಳತೆಗೆ ಸರಿಯಾಗಿ ಗುರುತು ಮಾಡಿದ ಹಗ್ಗವನ್ನು ಎಳೆದು, ಗೂಟ ನೆಟ್ಟು, ಆಮೇಲೆ ಗುಂಡಿ ತೆಗೆಯುವರು. ಈ ಕೆಲಸಕ್ಕೂ ಲೈನಿಂಗ್ ಎಂದೇ ಹೆಸರು. ಹಗಲೆಲ್ಲ ಆ ಹಗ್ಗ ಹಿಡಿದವರು ಸಂಜೆಗೆ ಹೋಗಿ ಸೇರುವುದು ಇನ್ನೊಂದು ಲೈನಿಗೆ. ಇಂಗ್ಲೀಷರ ದಂಡಿನಲ್ಲಿ ಸಿಪಾಯಿಗಳ ಗುಡಿಸಲುಗಳ ಸಾಲಿಗೆ ಲೈನ್ಸ್ ಎನ್ನುತ್ತಿದ್ದರು. ಉತ್ತರದ ಊರುಗಳಲ್ಲಿ ಸಿವಿಲ್ ಲೈನ್ಸ್ ಎಂಬ ಬಡಾವಣೆಗಳು ಈಗಲೂ ಇವೆ. ಸಿಂಹಳ, ಅಸ್ಸಾಂಗಳ ಚಹಾ ತೋಟಗಳಲ್ಲಿಯೂ ನಮ್ಮ ಮಲೆನಾಡಿನ ತೋಟಗಳಲ್ಲಿಯೂ ಕೆಲಸಗಾರರ ವಾಸಕ್ಕೆ ಇದೇ ಹೆಸರು ನಿಂತಿತು. 1951ರ ತೋಟ ಕಾರ್ಮಿಕರ ಶಾಸನವು ಅವರಿಗೆ ವಸತಿ ಒದಗಿಸುವುದನ್ನು ಮಾಲೀಕರ ಹೊಣೆಯನ್ನಾಗಿ ಮಾಡಿತು. ಶಾಸನ ಹೇಳಿದುದು ವಸತಿ. ಜನರ ಬಾಯಲ್ಲಿ ಉಳಿದುದು ಲೈನ್.

ಇಲ್ಲಿ ಒಂದು ಮಾತನ್ನು ಹೇಳದೆ ಇರಲಾರೆವು. ಶಾಲೆಗೆ ಸೇರುವಾಗ ವಿಳಾಸ ಕೇಳಿದರೆ ತೋಟದ ಹೆಸರನ್ನು ಗಟ್ಟಿಯಾಗಿ ಹೇಳಿ, ಲೈನ್ ಎಂಬುದನ್ನು ನುಂಗಿಬಿಡುವ ಹುಡುಗಿಯರನ್ನು ನಾವು ಬಲ್ಲೆವು. ಬಂಗಲೆಯ ಮಗುವಿಗೆ ಈ ಸಂಕಟವಿಲ್ಲ. ಬಂಗಲೆ ಎಂದರೂ ಮೊದಲಿಗೆ ಬಂಗಾಳದ ರೀತಿಯ ಹುಲ್ಲುಮನೆಯೇ. ಆ ಶಬ್ದಕ್ಕೆ ಕಾಲಕ್ರಮದಲ್ಲಿ ಮಾನ ಬಂದಿತು, ಲೈನಿಗೆ ಬರಲಿಲ್ಲ. ಶಬ್ದದಲ್ಲಿ ದೋಷವಿಲ್ಲವೆಂದು ತಿಳಿಸುವುದು ನಮ್ಮ ಕೈಲಾಗುತ್ತದೆ. ಒಂದೇ ಗೋಡೆಯ ಎರಡು ಕಡೆ ಎರಡು ಸಂಸಾರ ಮಲಗುವಾಗ ಓದಲು ಮೂಲೆ ಸಿಕ್ಕದೆಂಬುದನ್ನು ಶಬ್ದಶಾಸ್ತ್ರದಿಂದ ಸರಿಪಡಿಸಲಾಗದು.

ಕನ್ನಡದಲ್ಲಿಯೂ ನೂಲಿನ ದಾರಿ ಇದೇ. ದಾರವೆಂಬ ಅರ್ಥದ ಸೂತ್ರವೇ ಪಾಣಿನಿಯ ವ್ಯಾಕರಣದಲ್ಲಿ ಚಿಕ್ಕ ನಿಯಮವಾಯಿತು, ಗಣಿತದಲ್ಲಿಯೂ ಸೇರಿತು, ಮಂಗಲಸೂತ್ರವಾಗಿ ಕೊರಳನ್ನೂ ಸೇರಿತು. ನೆಟ್ಟಗಿರುವುದನ್ನು ‘ನೂಲು ಹಿಡಿದ ಹಾಗೆ’ ಎನ್ನುತ್ತೇವೆ. ‘ಸಾಲು’ ಎಂಬ ನಮ್ಮ ಶಬ್ದವಂತೂ ನೇಗಿಲ ಗೆರೆಗೂ, ಮರಗಳ ಪಂಕ್ತಿಗೂ, ಪದ್ಯದ ಚರಣಕ್ಕೂ ಸಲ್ಲುತ್ತದೆ. ಲೈನಿನ ಮನೆಗಳನ್ನು ಸಾಲುಮನೆ ಎಂದರೆ ಯಾರಿಗೂ ತಿಳಿಯದೆ ಹೋಗದು.