ಆರು ತಿಂಗಳಿಗೊಂದು ಸೂಜಿಮದ್ದು

ಎಚ್.ಐ.ವಿ. ತಗುಲದಂತೆ ತಡೆಯುವ ‘ಲೆನಕಾಪವಿರ್’ ಎಂಬ ಔಷಧವನ್ನು ಆರು ತಿಂಗಳಿಗೊಮ್ಮೆ ಚುಚ್ಚುವರು. ಇದು ಲಸಿಕೆಯಲ್ಲ, ಚರ್ಮದಡಿಯಲ್ಲಿ ನೆಲೆನಿಂತು ಮೆಲ್ಲಮೆಲ್ಲನೆ ರಕ್ತಕ್ಕಿಳಿಯುವ ಮದ್ದು. ನಿತ್ಯವೂ ಗುಳಿಗೆ ನುಂಗುವವಳಿಗೆ ಅದರ ಡಬ್ಬಿಯು ಮನೆಯವರ ಕಣ್ಣಿಗೆ ಬಿದ್ದೀತೆಂಬ ಅಂಜಿಕೆಯುಂಟು, ಇಲ್ಲಿ ಅದಿಲ್ಲ. ದಕ್ಷಿಣ ಆಫ್ರಿಕ, ಉಗಾಂಡಗಳ ಪ್ರಯೋಗದಲ್ಲಿ ಇದನ್ನು ಪಡೆದ 2,134 ಮಂದಿ ತರುಣಿಯರಲ್ಲಿ ಒಬ್ಬಳಿಗೂ ಸೋಂಕು ತಗುಲಲಿಲ್ಲವೆಂದು 2024ರಲ್ಲಿ ಪ್ರಕಟವಾಯಿತು.

ಆದರೆ ಇದು ಯಾರಿಗೆ ದೊರೆಯಬೇಕು? 2025ರಲ್ಲಿ ಅಮೆರಿಕದಲ್ಲಿ ಇದಕ್ಕೆ ಗೊತ್ತುಮಾಡಿದ ಬೆಲೆ ವರ್ಷಕ್ಕೆ 28,218 ಡಾಲರು. ತಯಾರಕರಾದ ಗಿಲಿಯಡ್ ಕಂಪನಿಯವರು 120 ದೇಶಗಳಿಗಾಗಿ ಇದನ್ನು ಅಗ್ಗವಾಗಿ ತಯಾರಿಸಲು 2024ರಲ್ಲಿ ಇತರರಿಗೆ ಅನುಮತಿಯಿತ್ತರು. ಹೈದರಾಬಾದಿನ ಎರಡು ಕಂಪನಿಗಳು 2027ರಿಂದ ವರ್ಷಕ್ಕೆ ಸುಮಾರು 40 ಡಾಲರಿಗೆ ಒದಗಿಸುವುದಾಗಿ ಸಾರಿವೆ. ಬ್ರೆಜಿಲ್, ಮೆಕ್ಸಿಕೊ, ಪೆರು, ಅರ್ಜೆಂಟೀನಗಳನ್ನು ಮಾತ್ರ ಆ ಪಟ್ಟಿಗೆ ಸೇರಿಸಲಿಲ್ಲ. ಇದು ನ್ಯಾಯವಾಗಿ ತೋರದು; ಇನ್ನೊಂದು ಪ್ರಯೋಗಕ್ಕೆ ಮೈಯೊಡ್ಡಿದವರಲ್ಲಿ ಆ ನಾಲ್ಕು ದೇಶದವರೂ ಇದ್ದರು.