ಬೆಳಕು ಬೇಕಿರುವುದು ಕಾಲಡಿಗೆ

ಹೂದೋಟಕ್ಕೆ ದೀಪ ಹಾಕಿಸಬೇಕು ಅಂದುಕೊಂಡವರು ಮೊದಲು ಅಂಗಡಿಗೆ ಹೋಗುವುದು ಬೇಡ. ಅಮಾವಾಸ್ಯೆಯ ಹತ್ತಿರದ ಒಂದು ರಾತ್ರಿ ಹೊರಗಿನ ದೀಪಗಳನ್ನೆಲ್ಲ ಆರಿಸಿ, ಟಾರ್ಚ್ ಹಿಡಿದು ಅಂಗಳಕ್ಕೆ ಇಳಿಯಿರಿ. ಮನೆಯವರು ದಿನವೂ ಓಡಾಡುವ ಹಾದಿಯಲ್ಲೇ ನಡೆಯಿರಿ. ಟಾರ್ಚ್ ಇಲ್ಲದೆ ಹೆಜ್ಜೆ ಇಡಲಾಗದು ಅನ್ನಿಸಿದ ಕಡೆಯೆಲ್ಲ ಒಂದೊಂದು ಕಲ್ಲಿಡಿ. ಎಷ್ಟು ಕಲ್ಲೋ ಅಷ್ಟೇ ದೀಪ.

ಮಲೆನಾಡಿನ ಸಾಗರದ ಕಡೆಯ ನಮ್ಮ ಹಳ್ಳಿಮನೆಯಲ್ಲಿ ಕಲ್ಲು ಬಿದ್ದದ್ದು ಬೇಲಿಯ ಉಣಗೋಲು ಬಾಗಿಲಿನ ಬುಡದಲ್ಲಿ, ಜಗಲಿ ಮೆಟ್ಟಿಲ ಬಳಿ, ಬಾವಿಕಟ್ಟೆಗೆ ತಿರುಗುವ ಮೂಲೆಯಲ್ಲಿ, ಮತ್ತೆ ಕೊಟ್ಟಿಗೆ ಹಾದಿಯ ಪಾಚಿ ಕಟ್ಟುವ ಇಳಿಜಾರಿನಲ್ಲಿ. ಡೇರೆ ಗಿಡಗಳ ಸಾಲಿನಲ್ಲಿ ಒಂದೂ ಇರಲಿಲ್ಲ. ದೀಪದ ವಿಷಯದಲ್ಲಿ ನಾನು ಕಲಿತದ್ದರ ಸಾರ ಇದೇ: ತೋಟದ ದೀಪ ನಡೆಯುವವರ ಕಾಲಿಗೆ ಬೇಕು. ಗಿಡಕ್ಕೆ ಬೇಕಾಗಿಲ್ಲ.

ವೈರಿಂಗ್ ಮಾಡಲು ಬಂದವರು ನೋಡಿದ ಕೂಡಲೇ ಹೇಳಿದ್ದು ಬೇರೆ. “ಸೂರಿನ ತುದಿಗೆ ಒಂದು ಐವತ್ತು ವಾಟಿನ ಫ್ಲಡ್ ಲೈಟ್ ಕೂರಿಸಿಬಿಡ್ತೇನೆ ಮಾರಾಯ್ರೆ, ಬೇಲಿತನಕ ಹಗಲಾಗ್ತದೆ.” ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದ ಅಮ್ಮ, “ಬೇಲಿ ಕಂಡು ನಾನೆಂತ ಮಾಡ್ಲಿ? ನಂಗೆ ಕಾಲಡಿ ಕಂಡ್ರೆ ಸಾಕು” ಅಂದರು.

ಅಮ್ಮನ ಮಾತಿಗೆ ಗಟ್ಟಿ ಕಾರಣವಿದೆ. ಕತ್ತಲೆಗೆ ನಮ್ಮ ಕಣ್ಣು ಪೂರ್ತಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಬೇಕು. ಆ ಹೊಂದಾಣಿಕೆ ಕಳೆದುಹೋಗಲು ಒಂದು ಪ್ರಖರ ಬಲ್ಬನ್ನು ನೇರವಾಗಿ ನೋಡಿದರೆ ಸಾಕು. ಸೂರಿನಿಂದ ಫ್ಲಡ್ ಲೈಟ್ ಮುಖಕ್ಕೆ ಹೊಡೆಯುವಾಗ ಉಣಗೋಲು ದಾಟಿ ಮನೆ ಕಡೆ ಬರುವವರಿಗೆ ಕಾಣುವುದು ಆ ದೀಪ ಮಾತ್ರ. ಮೆಟ್ಟಿಲಿನ ಅಂಚಾಗಲಿ, ಪೊದೆಯ ಪಕ್ಕದಲ್ಲಿ ಬಿದ್ದಿರುವುದಾಗಲಿ ಕಾಣುವುದಿಲ್ಲ. ಬೆಳಕು ಹೆಚ್ಚಿದಷ್ಟೂ ನೆರಳು ಕಪ್ಪಾಗುತ್ತದೆ. ಹೀಗಾಗಿ ತೋಟದ ದೀಪಕ್ಕೆ ನಾನು ಇಟ್ಟುಕೊಂಡ ಮೊದಲ ಪರೀಕ್ಷೆ, ನಡೆಯುವವರಿಗೆ ಬಲ್ಬ್ ಕಾಣಬಾರದು, ಅದು ಬೆಳಗಿದ ನೆಲ ಮಾತ್ರ ಕಾಣಬೇಕು.

ಯಾವ ದೀಪವನ್ನೂ ಗೋಡೆಗೆ ಬಿಗಿಯುವ ಮೊದಲು ಕೆಲವು ರಾತ್ರಿ ಕೈಯಲ್ಲಿ ಹಿಡಿದು ನೋಡಿದೆವು. ಉದ್ದ ವೈರಿನ ಹೋಲ್ಡರಿಗೆ 5 ವಾಟಿನ ಎಲ್‌ಇಡಿ ಬಲ್ಬ್ ಹಾಕಿ, ಮೇಲೆ ರಟ್ಟಿನ ಮುಚ್ಚಳ ಕಟ್ಟಿ, ಮೆಟ್ಟಿಲ ಬಳಿ ಬೇರೆ ಬೇರೆ ಎತ್ತರದಲ್ಲಿ ಹಿಡಿದುಕೊಂಡು ನಿಂತೆ. ಅಮ್ಮ ಹತ್ತಿ ಇಳಿದರು. ತಲೆಯೆತ್ತರದಲ್ಲಿ ಹಿಡಿದಾಗ ಇಳಿಯುವವರ ನೆರಳು ಅವರ ಮುಂದಿನ ಮೆಟ್ಟಿಲ ಮೇಲೇ ಬಿತ್ತು. ಮೊಣಕಾಲಿನ ಎತ್ತರಕ್ಕೆ ಇಳಿಸಿ ಪಕ್ಕದಿಂದ ಹಿಡಿದಾಗ ಪ್ರತಿ ಮೆಟ್ಟಿಲಿನ ಅಂಚೂ ಬೇರೆಬೇರೆಯಾಗಿ ಎದ್ದು ಕಂಡಿತು. “ಹಾಂ, ಅಲ್ಲೇ ಇರಲಿ” ಅಂತ ಅಮ್ಮ ಹೇಳಿದ ಜಾಗದಲ್ಲಿ ಸುಣ್ಣದ ಗುರುತು ಹಾಕಿದೆವು. ಅದೇ 5 ವಾಟ್, ಜಾಗ ಮಾತ್ರ ಬದಲಾದದ್ದು.

ಎರಡನೆಯ ವಿಷಯ ಬೆಳಕಿನ ಬಣ್ಣ. ಬಲ್ಬಿನ ಪೆಟ್ಟಿಗೆಯ ಮೇಲೆ 6500ಕೆ, 3000ಕೆ, 2700ಕೆ ಎಂದು ಬರೆದಿರುತ್ತದೆ. ಅಂಗಡಿಯಲ್ಲಿ ಸುಮ್ಮನೆ “ಒಂದು ಎಲ್‌ಇಡಿ ಕೊಡಿ” ಅಂದರೆ ಬಹುತೇಕ ಸಿಗುವುದು 6500ಕೆ, ಅಂದರೆ ಬಿಳಿ ಬೆಳಕು. ಬಿಳಿ ಎಲ್‌ಇಡಿಯ ಒಳಗೆ ಇರುವುದು ನೀಲಿ ಬೆಳಕು ಕೊಡುವ ಚಿಪ್. ಅದರ ಮೇಲಿನ ಹಳದಿ ಲೇಪ ಆ ನೀಲಿಯ ಒಂದು ಪಾಲನ್ನು ಬೇರೆ ಬಣ್ಣಗಳಿಗೆ ತಿರುಗಿಸುತ್ತದೆ. 6500ಕೆ ಬಲ್ಬಿನಲ್ಲಿ ನೀಲಿ ಹೆಚ್ಚು ಉಳಿದಿರುತ್ತದೆ, ಹಳದಿ ಛಾಯೆಯ 2700ಕೆಯಲ್ಲಿ ಕಡಿಮೆ. ರಾತ್ರಿಯ ಹುಳುಗಳನ್ನು ಹೆಚ್ಚು ಸೆಳೆಯುವುದು ನೀಲಿ ಮತ್ತು ಅತಿನೇರಳೆ ಬೆಳಕು.

ಮಲೆನಾಡಿನಲ್ಲಿ ಇದು ಬರೀ ಅಂದಚಂದದ ಪ್ರಶ್ನೆಯಲ್ಲ. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆ ಬಂದ ಗೆದ್ದಲು ಹೇಗೆ ದೀಪಕ್ಕೆ ಮುತ್ತುತ್ತವೆ ಎಂದು ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಹುಳ ಉದುರಿದಲ್ಲಿ ಕಪ್ಪೆ ಬಂದು ಕೂರುತ್ತದೆ. ಕಪ್ಪೆ ಇದ್ದಲ್ಲಿಗೆ ಹಾವು ಬಾರದೆಂದು ಹೇಳುವಂತಿಲ್ಲ. ಹಾವಿನ ಭಯಕ್ಕೇ ಎಷ್ಟೋ ಮನೆಗಳಲ್ಲಿ ದೊಡ್ಡ ದೀಪ ಹಾಕಿಸುತ್ತಾರೆ. ಅದೇ ದೀಪ ಹೊಸಿಲ ಹತ್ತಿರವೇ ಕಪ್ಪೆಗಳಿಗೆ ಊಟ ಬಡಿಸುತ್ತದೆ. ನಮ್ಮಲ್ಲಿ ಬಾಗಿಲ ಪಕ್ಕದ ಬಿಳಿ ಬಲ್ಬ್ ತೆಗೆದು 2700ಕೆ ಹಾಕಿದ ಮೇಲೆ ಹುಳ ಪೂರ್ತಿ ನಿಲ್ಲಲಿಲ್ಲವಾದರೂ ಜಗಲಿ ಗುಡಿಸುವ ಕೆಲಸ ಕಡಿಮೆಯಾಯಿತು. ಹೀಗೆ ದೀಪ ಇದ್ದರೂ ಕೈಯಲ್ಲಿ ಟಾರ್ಚ್ ಬೇಕೇ ಬೇಕು. ಕಟ್ಟುಹಾವು ಓಡಾಡುವುದೇ ರಾತ್ರಿ.

ಗಿಡಗಳಿಗೂ ರಾತ್ರಿ ಬೇಕು. ಚಿಕ್ಕಬಳ್ಳಾಪುರ, ಕೋಲಾರದ ಕಡೆ ರಾತ್ರಿ ಪ್ರಯಾಣ ಮಾಡಿದವರು ಸಾಲು ಬಲ್ಬುಗಳಿಂದ ಬೆಳಗುವ ಸೇವಂತಿಗೆ ಹೊಲಗಳನ್ನು ಕಂಡಿರಬಹುದು. ಸೇವಂತಿಗೆ ಮೊಗ್ಗು ಕಟ್ಟುವುದು ರಾತ್ರಿ ಉದ್ದವಾದಾಗ. ಬಲ್ಬ್ ಉರಿಸಿದರೆ ರಾತ್ರಿ ಇನ್ನೂ ಚಿಕ್ಕದೆಂಬಂತೆ ಗಿಡ ಬೆಳೆಯುತ್ತಲೇ ಹೋಗುತ್ತದೆ; ಸಾಕಷ್ಟು ಬೆಳೆದ ಮೇಲೆ ರೈತರು ದೀಪ ನಿಲ್ಲಿಸುತ್ತಾರೆ, ಆಗ ಹೂ ಬರುತ್ತದೆ. ಅವರದು ಲೆಕ್ಕ ಹಾಕಿ ಮಾಡುವ ಬೇಸಾಯ. ಅದೇ ಬೆಳಕು ಮನೆಯ ಸೇವಂತಿಗೆ ಪಾತಿಯ ಮೇಲೆ ರಾತ್ರಿಯಿಡೀ ಬಿದ್ದರೆ ಹೂವಿಗೆ ಕಾಯುತ್ತಲೇ ಇರಬೇಕಾದೀತು. ಇನ್ನು ರಾತ್ರಿರಾಣಿ, ಪಾರಿಜಾತ, ಬ್ರಹ್ಮಕಮಲಗಳಂತೂ ಕತ್ತಲಲ್ಲೇ ಅರಳುವ ಬಿಳಿ ಹೂಗಳು. ಅವನ್ನು ಮೂಗೇ ಹುಡುಕಿಕೊಡುತ್ತದೆ.

ಮಿಂಚುಹುಳಗಳ ಮಾತನ್ನೂ ಹೇಳಲೇಬೇಕು. ಮಳೆಗಾಲಕ್ಕೆ ಮುಂಚೆ, ಮೇ–ಜೂನ್ ಹೊತ್ತಿಗೆ ನಮ್ಮ ಧರೆಯ, ಅಂದರೆ ಕಡಿದಾದ ಮಣ್ಣಿನ ಅಂಚಿನ, ಮೇಲಿನ ಮರಗಳಲ್ಲಿ ಅವು ತುಂಬಿಕೊಳ್ಳುತ್ತವೆ. ಗಂಡು ಹೆಣ್ಣು ಒಂದನ್ನೊಂದು ಗುರುತಿಸುವುದು ಆ ಮಿಣುಕಿನಿಂದಲೇ. ಸುತ್ತ ಪ್ರಖರ ಬೆಳಕಿದ್ದರೆ ಆ ಕರೆ ತಲುಪುವುದಿಲ್ಲ. ಆ ವಾರಗಳಲ್ಲಿ ಧರೆಯ ಕಡೆಯ ದೀಪವನ್ನು ನಾವು ಹಚ್ಚುವುದೇ ಇಲ್ಲ. ಪ್ರತಿ ದೀಪಕ್ಕೂ ಬೇರೆ ಸ್ವಿಚ್ ಇರಬೇಕು, ಅದೂ ಮನೆಯೊಳಗೆ ಕೈಗೆ ಸಿಗುವಂತಿರಬೇಕು ಎಂದು ಹಟ ಹಿಡಿದದ್ದು ಇದಕ್ಕೇ.

ಇನ್ನು ಮಳೆ ಮತ್ತು ಕರೆಂಟ್. ಹೊರದೀಪದ ಮೇಲೆ ಐಪಿ 44, ಐಪಿ 65, ಐಪಿ 67 ಎಂಬ ಗುರುತು ಇರುತ್ತದೆ. ಮೊದಲ ಅಂಕೆ ಧೂಳಿನದು, ಎರಡನೆಯದು ನೀರಿನದು. 44 ಎಂದರೆ ಸಿಡಿಯುವ ಹನಿಯನ್ನು ತಡೆದೀತು, 65 ಪೈಪಿನಿಂದ ಚಿಮ್ಮುವ ನೀರನ್ನು, 67 ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ. ನಮ್ಮ ಗಾಳಿಮಳೆಗೆ 65ಕ್ಕಿಂತ ಕಡಿಮೆ ಬೇಡ; ನೆಲಮಟ್ಟದಲ್ಲಿ ನೀರು ನಿಲ್ಲುವಲ್ಲಿ 67 ಇರಲಿ. ಆದರೆ ದೀಪ ಎಷ್ಟೇ ಭದ್ರವಾಗಿದ್ದರೂ ನೀರು ಹೊಗುವುದು ವೈರಿನ ಗಂಟುಗಳಲ್ಲಿ. ಟೇಪು ಸುತ್ತಿ ಮಣ್ಣಿನಲ್ಲಿ ಹೂಳುವುದನ್ನು ಯಾರು ಹೇಳಿದರೂ ಒಪ್ಪಬೇಡಿ. ಗಂಟುಗಳೆಲ್ಲ ನೆಲದಿಂದ ಮೇಲೆ, ಮುಚ್ಚಿದ ಜಂಕ್ಷನ್ ಬಾಕ್ಸಿನೊಳಗೆ ಇರಬೇಕು. ಹೊರಗಿನ ಸಾಲಿಗೆ ಅರ್ಥಿಂಗ್ ಮತ್ತು ಕರೆಂಟ್ ಸೋರಿದರೆ ಕಡಿದುಹಾಕುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಸ್ವಿಚ್ ಒತ್ತಲೇಬೇಡಿ.

ವೈರಿನ ಪೈಪನ್ನು ಹೂವಿನ ಪಾತಿಯ ನಡುವೆ ಒಯ್ಯದೆ ಹಾದಿಯ ಅಂಚಿನಲ್ಲೇ ಒಯ್ದೆವು; ಡೇರೆ ಗೆಡ್ಡೆ ಕೀಳುವಾಗ ಗುದ್ದಲಿ ಎಲ್ಲಿ ಬೀಳುತ್ತದೆಂದು ಹೇಳಲಾಗದು. ಮಣ್ಣು ಮುಚ್ಚುವ ಮೊದಲು ಫೋಟೊ ತೆಗೆದಿಟ್ಟುಕೊಂಡಿದ್ದೇವೆ. ಮಕ್ಕಳು, ನಾಯಿ ಓಡಾಡುವ ಅಂಗಳದಲ್ಲಿ ನೆಲಮಟ್ಟದ ದೀಪಗಳಿಗೆ 12 ವೋಲ್ಟಿನ ಸಾಲೇ ಒಳ್ಳೆಯದು. ಆದರೆ 20 ವಾಟಿಗೆ 230 ವೋಲ್ಟಿನಲ್ಲಿ 0.1 ಆಂಪಿಯರಿಗೂ ಕಡಿಮೆ ಹರಿದರೆ, 12 ವೋಲ್ಟಿನಲ್ಲಿ ಸುಮಾರು 1.7 ಆಂಪಿಯರ್ ಹರಿಯುತ್ತದೆ. ದೂರ ಒಯ್ಯುವಾಗ ದಪ್ಪ ವೈರ್ ಹಾಕದಿದ್ದರೆ ಕೊನೆಯ ದೀಪ ಮಂಕಾಗುತ್ತದೆ.

ಸೋಲಾರ್ ದೀಪಗಳು ಬಯಲುಸೀಮೆಯ ಬಂಧುಗಳ ಮನೆಯಲ್ಲಿ ಚೆನ್ನಾಗಿ ಉರಿಯುವುದನ್ನು ಕಂಡಿದ್ದೇನೆ. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಬೆಳಕು ಹೆಚ್ಚು ಬೇಕಾದಾಗಲೇ ಬಿಸಿಲಿರುವುದಿಲ್ಲ. ಕೊಳ್ಳುವುದಾದರೆ ಬ್ಯಾಟರಿ ಬದಲಿಸಲು ಬರುವಂಥದ್ದನ್ನೇ ಕೊಳ್ಳಿ, ಮರದ ನೆರಳಿನಿಂದ ದೂರ ನೆಡಿ.

ಲೆಕ್ಕವನ್ನೂ ನೋಡಿ. ಐದೈದು ವಾಟಿನ ನಾಲ್ಕು ದೀಪ ದಿನಕ್ಕೆ ನಾಲ್ಕು ಗಂಟೆ ಉರಿದರೆ ತಿಂಗಳಿಗೆ 2.4 ಯುನಿಟ್. ಐವತ್ತು ವಾಟಿನ ಫ್ಲಡ್ ಲೈಟ್ ರಾತ್ರಿ ಹನ್ನೆರಡು ಗಂಟೆ ಉರಿದರೆ 18. ಉಳಿದ ಹಣವನ್ನು ಒಳ್ಳೆಯ ವೈರಿಗೆ, ಅರ್ಥಿಂಗಿಗೆ ಹಾಕಿ. ದೀಪದ ಚಂದದ ಗೂಡಿನ ಮಾತು ಆಮೇಲೆ.

ಯಾವ ದೀಪ, ಎಲ್ಲಿ ಎಂಬ ಕೊನೆಯ ಮಾತು ಆ ಹಾದಿಯಲ್ಲಿ ಅತಿ ಹೆಚ್ಚು ನಡೆಯುವವರದಾಗಿರಬೇಕು. ಬೆಳಗಿನ ಜಾವ ಕೊಟ್ಟಿಗೆಗೆ ಹೋಗುವವರು, ರಾತ್ರಿ ಪಾತ್ರೆ ತೊಳೆಯಲು ಹೊರಗೆ ಇಳಿಯುವವರು ಹಲವು ಮನೆಗಳಲ್ಲಿ ಹೆಂಗಸರೇ. ದೀಪ ಆಯ್ದು ತರುವವರು, ಬಿಗಿಯುವವರು ಗಂಡಸರು. ನಡೆಯುವವರನ್ನು ಕರೆದು ನಿಲ್ಲಿಸಿ, ಬಲ್ಬ್ ಹಿಡಿದು, “ಇಲ್ಲಿ ಕಾಣ್ತದಾ?” ಎಂದು ಕೇಳುವುದಕ್ಕೆ ಒಂದು ಸಂಜೆ ಸಾಕು.